ತೋಟದ ಬಾಟಲಿ, ಅಪ್ಪನ ಮಾತ್ರೆ

ಪ್ರಶ್ನೆ: ಅಪ್ಪನಿಗೆ ಹಿಂದೆ ಟಿಬಿ ಆಗಿತ್ತು. ಈಗ ಶ್ವಾಸಕೋಶದಲ್ಲಿ ಫಂಗಸ್ ಇದೆ ಎಂದು ವೊರಿಕೊನಜೋಲ್ ಮಾತ್ರೆ ಕೊಟ್ಟಿದ್ದಾರೆ. ಅಡಿಕೆ ಎಲೆಚುಕ್ಕೆಗೆ ನಾವು ಹೊಡೆಯುವ ಬಾಟಲಿಯ ಮೇಲೆ ಪ್ರೊಪಿಕೊನಜೋಲ್ ಎಂದಿದೆ. ಎರಡೂ ಒಂದೇನಾ?
– ಓದುಗರೊಬ್ಬರು, ಹೊಸನಗರ

ಉತ್ತರ: ಒಂದೇ ಅಲ್ಲ, ಆದರೆ ಒಂದೇ ಮನೆತನದವು. ಎರಡೂ ಫಂಗಸ್ ತನ್ನ ಜೀವಕೋಶದ ಪೊರೆ ಕಟ್ಟಿಕೊಳ್ಳದಂತೆ ಒಂದೇ ಜಾಗದಲ್ಲಿ ತಡೆಯುತ್ತವೆ. ತೊಂದರೆ ಇರುವುದೇ ಅಲ್ಲಿ.

ಶ್ವಾಸಕೋಶಕ್ಕೆ ಹೋಗುವ ಆಸ್ಪರ್ಜಿಲಸ್ ಫ್ಯುಮಿಗೇಟಸ್ ಎಂಬ ಫಂಗಸ್ಸಿಗೆ ಅಡಿಕೆ ಮರ ಬೇಕಿಲ್ಲ. ಅದರ ಮನೆ ಗೊಬ್ಬರಗುಂಡಿ. ಲ್ಯಾಬಿನಲ್ಲಿದ್ದಾಗ ನಮ್ಮ ತೋಟದ ಗುಂಡಿಯಿಂದ ಒಂದು ಚಿಟಿಕೆ ಕೊಳೆತ ಸೋಗೆ ಒಯ್ದು 45 ಡಿಗ್ರಿಯಲ್ಲಿ ಇಟ್ಟಿದ್ದೆ. ಮೂರನೇ ದಿನ ತಟ್ಟೆ ತುಂಬ ಬೂದು-ಹಸಿರು ಬೂಷ್ಟು. ಮಗುಚುವಾಗ ಏಳುವ ಧೂಳಿನಲ್ಲಿ ಇದರ ಬೀಜಕಣಗಳೂ ಇರುತ್ತವೆ. ಔಷಧಿ ಬಿದ್ದ ಸೋಗೆ ಅದೇ ಗುಂಡಿಗೆ ಬೀಳುತ್ತದೆ ಅಲ್ವಾ? ಅದನ್ನು ತಡೆದುಕೊಂಡ ಕಣಗಳು ಮಾತ್ರ ಉಳಿದು ಹೆಚ್ಚುತ್ತವೆ. ಅಂಥವು ಅದೇ ಮನೆತನದ ಮಾತ್ರೆಗೂ ಬಗ್ಗದಿರಬಹುದು.

ಇದು ಸುಮ್ನೆ ಊಹೆಯಲ್ಲ. ನೆದರ್ಲೆಂಡ್ಸ್‌ನಲ್ಲಿ ಮಾತ್ರೆಗೆ ಬಗ್ಗದ ಫಂಗಸ್ ಸಿಕ್ಕವರಲ್ಲಿ ಕೆಲವರು ಈ ಗುಂಪಿನ ಮಾತ್ರೆಯನ್ನು ಹಿಂದೆ ನುಂಗಿಯೇ ಇರಲಿಲ್ಲ. ಆಮೇಲೆ ಅಲ್ಲಿನ ಹೂಗಡ್ಡೆ ಕಸದ ರಾಶಿಗಳಲ್ಲೂ ಅಂಥದ್ದೇ ಸಿಕ್ಕಿತು. 2012ರಲ್ಲಿ ದೆಹಲಿಯ ವಲ್ಲಭಭಾಯ್ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟ್‌ನವರು ಫಂಗಸ್ ಮಾತ್ರೆಗೆ ಬಗ್ಗದಂತೆ ಮಾಡುವ ಅದೇ ಜೀನ್ ಬದಲಾವಣೆಯನ್ನು ನಮ್ಮ ದೇಶದ ರೋಗಿಗಳಲ್ಲೂ ಮಣ್ಣಿನಲ್ಲೂ ತೋರಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಈ ಫಂಗಸ್ಸನ್ನು ಅತಿ ಅಪಾಯದ ಸಾಲಿಗೆ ಸೇರಿಸಿದೆ.

ನಿಮ್ಮ ಅಪ್ಪನ ಫಂಗಸ್ ಮಾತ್ರೆಗೆ ಬಗ್ಗುತ್ತದೋ ಇಲ್ಲವೋ ಪರೀಕ್ಷೆ ಮಾಡದೆ ಹೇಳಲಾಗದು. ಕಫ ಕಲ್ಚರ್ ಮಾಡಿ ಯಾವ ಔಷಧಿ ಹಿಡಿಯುತ್ತದೆ ನೋಡಬಹುದೇ ಎಂದು ಡಾಕ್ಟರನ್ನು ಕೇಳಿ. ಇದನ್ನು ಓದಿ ಮಾತ್ರೆ ಮಾತ್ರ ನಿಲ್ಲಿಸಬೇಡಿ, ದಯವಿಟ್ಟು.

ಎಲೆಚುಕ್ಕೆಯ ನೋವು ನನಗೂ ಗೊತ್ತು, ಔಷಧಿ ಹೊಡೆಯಲೇಬೇಡಿ ಎನ್ನುವ ಧೈರ್ಯ ನನಗಿಲ್ಲ. ಆದರೆ ಪಕ್ಕದ ತೋಟದವರು ಹೊಡೆದರು ಎಂದು ಹೊಡೆಯುವುದು, ಲೀಟರಿಗೆ ಹೇಳಿದ್ದಕ್ಕಿಂತ ಜಾಸ್ತಿ ಹಾಕುವುದು ಬೇಡ. ಕೊಳೆರೋಗಕ್ಕೆ ಮೈಲುತುತ್ತ-ಸುಣ್ಣದ ಬೋರ್ಡೋ ಇದೆ, ಅದು ಈ ಮನೆತನದ್ದಲ್ಲ. ಗೊಬ್ಬರ ಮಗುಚುವ ಮೊದಲು ಗುಂಡಿಗೆ ನೀರು ಚಿಮುಕಿಸಿ, ನೀವು ಎನ್-95 ಮಾಸ್ಕ್ ಹಾಕಿಕೊಳ್ಳಿ. ಆ ದಿನ ಅಪ್ಪ ಹಿತ್ತಲ ಬಾಗಿಲಲ್ಲೂ ಕೂರುವುದು ಬೇಡ.