ಬೀದರ್‌ನ ಮನೆಯಲ್ಲಿ ಹಿಮದ ಕ್ರಿಸ್‌ಮಸ್ ಮಾಡೋದು ಹೇಗೆ?

ಹೊರದೇಶದಿಂದ ಮೊಮ್ಮಕ್ಕಳು ಬರುತ್ತಿದ್ದಾರೆ, ಮನೆಯಲ್ಲಿ ಹಿಮದ ಕಳೆ ಬೇಕು, ಅಡುಗೆಯೂ ಸುಲಭವಾಗಬೇಕು ಅಂತ ಕೇಳಿದ್ದೀರಿ. ಬೀದರ್‌ನಲ್ಲಿ ಹಿಮ ಬೀಳುವುದಿಲ್ಲ. ಆದರೆ ಡಿಸೆಂಬರ್ ಚಳಿಯೇನೂ ಕಡಿಮೆಯಲ್ಲ ಅಲ್ವಾ?

ಕ್ರಿಸ್‌ಮಸ್ ಗಿಡಕ್ಕೆ, ಗೋದಲಿಗೆ ಹಿಂಜಿದ ಹತ್ತಿ ಸಾಕು. ಅದರ ಹತ್ತಿರ ಮೇಣದಬತ್ತಿ ಮಾತ್ರ ಇಡಲೇಬೇಡಿ. ಎಲ್‌ಇಡಿ ಸರ ಹಾಕಿ.

ಅಡುಗೆಗೆ ಜಾಸ್ತಿ ಗಮನ ಬೇಕು. 24ರ ರಾತ್ರಿ ಆರಾಧನೆ ಮುಗಿಸಿ ಬಂದವರಿಗೆ ಒಲೆ ಮುಂದೆ ನಿಲ್ಲುವ ಶಕ್ತಿ ಇರುವುದಿಲ್ಲ. ಅದಕ್ಕೇ 21, 22ಕ್ಕೇ ಕರ್ಚಿಕಾಯಿ, ಶೇಂಗಾ ಹೋಳಿಗೆ ಮಾಡಿಡಿ. ಶೇಂಗಾ ಹೂರಣದಲ್ಲಿ ನೀರಿನಂಶ ಕಡಿಮೆ. ಹಾಗಾಗಿ ಬೇಳೆ ಹೋಳಿಗೆಗಿಂತ ಹೆಚ್ಚು ದಿನ ಇರುತ್ತದೆ. ಕರ್ಚಿಕಾಯಿಗೆ ಒಣಕೊಬ್ಬರಿಯನ್ನೇ ಹಾಕಿ, ಹಸಿ ಕೊಬ್ಬರಿ ಬೇಗ ಹಳಸುತ್ತದೆ.

ಕೇಕಿಗೆ ಬೆಣ್ಣೆ, ಮೊಟ್ಟೆ ಎರಡು ತಾಸು ಮೊದಲೇ ಫ್ರಿಜ್‌ನಿಂದ ಹೊರಗಿಡಿ. ಗಟ್ಟಿ ಬೆಣ್ಣೆ ಸಕ್ಕರೆಯ ಜೊತೆ ಹಗುರಾಗುವುದಿಲ್ಲ, ಕೇಕ್ ಸರಿಯಾಗಿ ಉಬ್ಬುವುದಿಲ್ಲ. ಚಳಿಗೆ ಆಗಲೂ ಬೆಣ್ಣೆ ಮೆತ್ತಗಾಗದಿದ್ದರೆ ಅದರ ಪಾತ್ರೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಡಿ. ಬಿರಿಯಾನಿಯ ಮಾಂಸಕ್ಕೆ ಹಿಂದಿನ ರಾತ್ರಿಯೇ ಮೊಸರು, ಮಸಾಲೆ ಹಚ್ಚಿ ಫ್ರಿಜ್‌ನಲ್ಲಿಡಿ.

ಹಾಂ, ಎರಡು ಕೌದಿ ಜಾಸ್ತಿ ತೆಗೆದು ಬಿಸಿಲಿಗೆ ಹಾಕಿಡಿ.