ಸಹಿ ಹಾಕುವ ಮುನ್ನ ವೇಳಾಪಟ್ಟಿ ಕೇಳಿ

ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸು. ಶಾಲೆಯಿಂದ ದಾಂಡೇಲಿಗೆ ಸಾಹಸ ಶಿಬಿರವಂತೆ. ರಾಫ್ಟಿಂಗ್, ಜಿಪ್‌ಲೈನ್ ಎಲ್ಲ ಇದೆ. ‘ಏನೇ ಅನಾಹುತವಾದರೂ ಶಾಲೆ ಹೊಣೆಯಲ್ಲ’ ಅಂತ ಬರೆದ ಕಾಗದಕ್ಕೆ ಸಹಿ ಕೇಳಿದ್ದಾರೆ. ಅವಳಿಗೆ ಈಜು ಬರಲ್ಲ, ಉಬ್ಬಸ ಬೇರೆ. ಯಜಮಾನರು ಬೇಡವೇ ಬೇಡ ಅಂತಾರೆ. ಅವಳು ಊಟ ಬಿಟ್ಟು ಕೂತಿದ್ದಾಳೆ. ಏನು ಮಾಡಲಿ?
– ಒಬ್ಬ ತಾಯಿ, ಹಾಸನ

ಉತ್ತರ: ಮೊದಲು ಊಟ ಮಾಡಿಸಿ. ಆ ಕಾಗದಕ್ಕೆ ಅಷ್ಟೊಂದು ಹೆದರಬೇಡಿ. ನಿರ್ಲಕ್ಷ್ಯದಿಂದ ಜೀವ ಹೋದರೆ ಅದು ಕ್ರಿಮಿನಲ್ ಅಪರಾಧ, ನಿಮ್ಮ ಸಹಿಯಿಂದ ಅಳಿಸಿಹೋಗುವಂಥದ್ದಲ್ಲ.

ಶಿಬಿರಗಳಲ್ಲಿ ಮಕ್ಕಳಿಗೆ ಹಗ್ಗ ಕಟ್ಟುತ್ತಲೇ ತಲೆ ನರೆತವನು ನಾನು. ಜಿಪ್‌ಲೈನ್ ಮೇಲಿರುವ ಮಗುವಿನ ಬಗ್ಗೆ ನನಗೆ ಭಯವಿಲ್ಲ, ಅದರ ಮೇಲೆ ನಾಲ್ಕು ಜನರ ಕಣ್ಣಿರುತ್ತದೆ. ಭಯವಿರುವುದು ಊಟವಾದ ಮೇಲಿನ ‘ಫ್ರೀ ಟೈಮ್’ ಬಗ್ಗೆ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಮುಳುಗಿ ತೀರಿಕೊಂಡ ಮುಳಬಾಗಿಲು ಕಡೆಯ ನಾಲ್ವರು ವಿದ್ಯಾರ್ಥಿನಿಯರು ಸಾಹಸಕ್ಕೆ ಹೋದವರಲ್ಲ, ಶಾಲಾ ಪ್ರವಾಸದಲ್ಲಿ ಕಡಲಿಗಿಳಿದವರು. ದಾಂಡೇಲಿಯ ಕಾಳಿ ನದಿಯನ್ನಂತೂ ನೋಡಿ ಅಳೆಯುವಂತಿಲ್ಲ. ಮೇಲೆ ಸೂಪಾ ಅಣೆಕಟ್ಟು ಇದೆ. ಅಲ್ಲಿ ಕರೆಂಟ್ ತೆಗೆಯಲು ನೀರು ಬಿಟ್ಟರೆ, ಬೆಳಿಗ್ಗೆ ಮೊಣಕಾಲುದ್ದವಿದ್ದ ಜಾಗ ಮಧ್ಯಾಹ್ನಕ್ಕೆ ಎದೆಮಟ್ಟ ಬರಬಹುದು, ಇಲ್ಲಿ ಒಂದು ಹನಿ ಮಳೆ ಬೀಳದೆಯೇ. ಹಾಗಾಗಿ ಹೆಡ್‌ಮಾಸ್ಟರನ್ನು ನೇರವಾಗಿ ಕೇಳಿ: ಬಿಡುವಿನ ಹೊತ್ತಿನಲ್ಲಿ ಮಕ್ಕಳು ಎಲ್ಲಿರುತ್ತಾರೆ, ನೀರಿನ ಹತ್ತಿರ ಯಾರು ನಿಲ್ಲುತ್ತಾರೆ? ‘ಟೀಚರ್‌ಗಳು ಇರ್ತಾರೆ ಬಿಡಿ’ ಅಂದರೆ ಬಿಡಬೇಡಿ, ಹೆಸರು ಕೇಳಿ. ಬಸ್ಸಿನದೂ ಅದೇ ಕಥೆ. ಹಾಸನದಿಂದ ರಾತ್ರಿಯಿಡೀ ಓಡಿಸಿದ ಡ್ರೈವರ್ ಮರುದಿನ ಎಲ್ಲಿ ಮಲಗುತ್ತಾನೆ ಅನ್ನುವುದನ್ನು ಯಾರೂ ಕೇಳುವುದಿಲ್ಲ.

ಇನ್ನು ರಾಫ್ಟಿಂಗ್. ಈಜು ಬರದಿದ್ದರೂ ನಡೆಯುತ್ತದೆ, ಲೈಫ್ ಜಾಕೆಟ್ ಮೈಗೆ ಸರಿಯಾಗಿ ಕೂತರೆ. ಮಕ್ಕಳಿಗೆ ದೊಡ್ಡವರ ಜಾಕೆಟ್ ತೊಡಿಸಿ ‘ಟೈಟ್ ಇದೆ’ ಅನ್ನುವವರಿದ್ದಾರೆ. ಪಟ್ಟಿಗಳನ್ನೆಲ್ಲ ಬಿಗಿದ ಮೇಲೆ ಹೆಗಲ ಹತ್ತಿರ ಹಿಡಿದು ಮೇಲಕ್ಕೆಳೆಯಿರಿ ಅಂತ ಮಗಳೇ ಕೇಳಲಿ. ಜಾಕೆಟ್ ಗಲ್ಲ ದಾಟಿ ಮೇಲೆ ಬಂದರೆ ನೀರಲ್ಲಿ ಅದು ಮಾತ್ರ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ದೋಣಿಯಿಂದ ಬಿದ್ದರೆ ಎದ್ದು ನಿಲ್ಲಲು ಹೋಗಕೂಡದು. ಕಾಲು ಬಂಡೆಗಳ ಸಂದಿಗೆ ಸಿಕ್ಕಿಕೊಂಡರೆ ಹರಿವು ಮೇಲಿಂದ ಅದುಮಿ ಮುಳುಗಿಸುತ್ತದೆ. ಅಂಗಾತ ಮಲಗಿ, ನೀರು ಹೋಗುವ ದಿಕ್ಕಿಗೆ ಪಾದ ಮುಂದೆ ಮಾಡಿ, ಕಾಲ್ಬೆರಳು ನೀರಿನ ಮೇಲೆ ಕಾಣುವಂತೆ ತೇಲಬೇಕು. ಮನೆಯಲ್ಲಿ ಚಾಪೆ ಮೇಲೆ ಮಲಗಿಸಿಯೇ ಅಭ್ಯಾಸ ಮಾಡಿಸಬಹುದು, ನಗುತ್ತಾಳೆ, ನಗಲಿ.

ಉಬ್ಬಸದ ವಿಷಯ ಮುಚ್ಚಿಡಬೇಡಿ. ‘ಹೇಳಿದರೆ ಕರೆದುಕೊಂಡು ಹೋಗಲ್ಲ’ ಅಂತ ಹೆದರಿ ಮುಚ್ಚಿಡುವ ಪಾಲಕರನ್ನು ಬೇಕಾದಷ್ಟು ನೋಡಿದ್ದೇನೆ. ಡಾಕ್ಟರಿಗೆ ಒಮ್ಮೆ ತೋರಿಸಿ, ಸಹಿ ಹಾಕುವ ಕಾಗದದ ಮೇಲೇ ಬರೆದುಕೊಡಿ. ಎರಡು ಇನ್‌ಹೇಲರ್ ಕಳಿಸಿ. ಒಂದು ಅವಳ ಹತ್ತಿರ, ಇನ್ನೊಂದು ಗೈಡ್‌ನ ನೀರು ಹೋಗದ ಚೀಲದಲ್ಲಿ. ರೂಮಿನ ಸೂಟ್‌ಕೇಸಿನಲ್ಲಿರುವ ಇನ್‌ಹೇಲರ್ ಹಾಸನದಲ್ಲೇ ಇದ್ದಂತೆ.

ಇಷ್ಟಕ್ಕೆಲ್ಲ ಶಾಲೆಯವರು ಮುಖ ಗಂಟಿಕ್ಕದೆ ಉತ್ತರ ಕೊಟ್ಟರೆ ಕಳಿಸಿ. ಯಜಮಾನರಿಗೂ ಈ ಪುಟ ತೋರಿಸಿ.