ಗದ್ದೆಯ ನೀರಿನ ಮೇಲೆ ಎಣ್ಣೆಯಂಥ ಪೊರೆ ಕಂಡರೆ ಕೊಡಗಿನಲ್ಲಿ ಪೆಟ್ರೋಲಿಯಂ ಇದೆ ಅಂತಲಾ?

ನಿಮ್ಮ ಪ್ರಶ್ನೆ ಓದಿದೆ. ವಿರಾಜಪೇಟೆ ಕಡೆಯ ನಿಮ್ಮ ಗದ್ದೆಯ ತೋಡಿನಲ್ಲಿ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ತೇಲುತ್ತದೆ, ಕೆಸರಿನಿಂದ ಗುಳ್ಳೆ ಏಳುತ್ತವೆ. ಕೆಳಗೆ ಎಣ್ಣೆ, ಗ್ಯಾಸ್ ಇದೆ ಎಂದು ಒಬ್ಬರು ಸರ್ವೆಗೆ ದುಡ್ಡು ಕೇಳುತ್ತಿದ್ದಾರೆ. ಎಣ್ಣೆ ನೆಲದೊಳಗೆ ಹೇಗೆ ಆಗುತ್ತದೆ, ನಮ್ಮಲ್ಲಿ ಯಾಕೆ ಇರಬಾರದು ಅಂತ ಕೇಳಿದ್ದೀರಿ. ನಾನು ಸೋಮವಾರಪೇಟೆ ಕಡೆಯವನು. ತೋಟ ನೋಡಿಕೊಳ್ಳಲು ಊರಿಗೆ ಬರುವ ಮೊದಲು ತಮಿಳುನಾಡಿನ ಕಾವೇರಿ ಡೆಲ್ಟಾದಲ್ಲಿ ಎಣ್ಣೆ ಬಾವಿ ಕೊರೆಯುವ ರಿಗ್‌ಗಳಲ್ಲಿ ಮಡ್ ಲಾಗಿಂಗ್, ಅಂದರೆ ಬಾವಿಯಿಂದ ಮೇಲೆ ಬರುವ ಕಲ್ಲಿನ ಚೂರುಗಳನ್ನು ಪರೀಕ್ಷಿಸುವ ಕೆಲಸ ಮಾಡಿದ್ದೇನೆ.

ಮೊದಲು ಒಂದು ಕಡ್ಡಿ ತೆಗೆದುಕೊಂಡು ಆ ಪೊರೆಯನ್ನು ಚುಚ್ಚಿ ನೋಡಿ. ಚೂರು ಚೂರಾಗಿ ಒಡೆದು, ಚೂರುಗಳು ಬೇರೆ ಬೇರೆಯಾಗಿಯೇ ತೇಲುತ್ತಿದ್ದರೆ ಅದು ಎಣ್ಣೆ ಅಲ್ಲ. ನೀರಿನ ಕಬ್ಬಿಣದಂಶದ ಮೇಲೆ ಬದುಕುವ ಬ್ಯಾಕ್ಟೀರಿಯಾದ ಕೆಲಸ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣ ಇದ್ದೇ ಇದೆ, ಜೌಗು ನೀರಿನಲ್ಲಿ ಇದು ಸಾಮಾನ್ಯ. ಪಕ್ಕದಲ್ಲಿ ತುಕ್ಕಿನ ಬಣ್ಣದ ಲೋಳೆಯೂ ಇದ್ದರೆ ಅನುಮಾನವೇ ಬೇಡ. ಎಣ್ಣೆಯಾದರೆ ಕಡ್ಡಿ ಎತ್ತಿದ ಕೂಡಲೇ ಮತ್ತೆ ಕೂಡಿಕೊಳ್ಳುತ್ತದೆ. ಹಾಗೇನಾದರೂ ಆದರೆ ತೋಡಿನ ಮೇಲ್ಗಡೆ ಯಾವುದಾದರೂ ಡೀಸೆಲ್ ಪಂಪ್‌ಸೆಟ್ ಸೋರುತ್ತಿದೆಯಾ ನೋಡಿ.

ಗುಳ್ಳೆ ಮಾತ್ರ ನಿಜವಾದ ಗ್ಯಾಸೇ. ಹೆಚ್ಚಿನ ಪಾಲು ಮೀಥೇನ್. ಗಾಳಿ ಸೇರದ ಕೆಸರಿನಲ್ಲಿ ಎಲೆ, ಹುಲ್ಲು ಕೊಳೆತಾಗ ಬರುತ್ತದೆ, ಗೋಬರ್ ಗ್ಯಾಸ್ ಆಗುವ ಹಾಗೆಯೇ. ಅದು ಬರುವುದು ಕಾಲಡಿಯ ಕೆಸರಿನಿಂದ, ಆಳದ ಕಲ್ಲಿನಿಂದಲ್ಲ.

ಇನ್ನು ದೊಡ್ಡ ಪ್ರಶ್ನೆಗೆ ಬರುತ್ತೇನೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ನಮ್ಮ ಕೆಳಗಿನ ಗದ್ದೆಯ ಮೇಲೂ ಸೊಂಟದವರೆಗೆ ಮಣ್ಣು ಬಂದು ಕೂತಿತು. ಮುಂದಿನ ಬೇಸಿಗೆಯಲ್ಲಿ ಅದನ್ನು ತೆಗೆಸುವಾಗ ಅಗೆದ ಗುಂಡಿಯ ಗೋಡೆ ನೋಡಿದೆ. ಕೆಳಗೆ ಕಲ್ಲು, ಅದರ ಮೇಲೆ ದಪ್ಪ ಮರಳು, ಎಲ್ಲಕ್ಕಿಂತ ಮೇಲೆ ನುಣ್ಣನೆಯ ಗೋಡು. ನೀರಿನ ಓಟ ಕಮ್ಮಿಯಾದಂತೆ ಭಾರದ್ದು ಮೊದಲು, ಹಗುರದ್ದು ಆಮೇಲೆ ಇಳಿದಿತ್ತು. ನಡುವೆ ಬೆರಳು ದಪ್ಪದ ಒಂದು ಕಪ್ಪು ಪದರ. ಬಿಡಿಸಿ ನೋಡಿದರೆ ಎಲೆಗಳು, ನರಗಳೂ ಕಾಣುತ್ತಿದ್ದವು. ಗಾಳಿ ತಾಗದೆ ಅವು ಪೂರ್ತಿ ಕೊಳೆತಿರಲಿಲ್ಲ. ಗದ್ದೆ ಹೋದ ಸಂಕಟದ ನಡುವೆಯೂ ಬಹಳ ಹೊತ್ತು ಅಲ್ಲೇ ಕೂತಿದ್ದೆ. ರಿಗ್‌ನಲ್ಲಿ ವರ್ಷಗಟ್ಟಲೆ ಪುಡಿಪುಡಿಯಾಗಿ ಕಂಡದ್ದು ಇಲ್ಲಿ ಇಡಿಯಾಗಿ ಕಣ್ಣೆದುರಿಗಿತ್ತು.

ಆದರೆ ಗದ್ದೆ ಒಮ್ಮೆ ತುಂಬಿದರೆ ಮುಗಿಯಿತು. ಎಣ್ಣೆ ಆಗಬೇಕಾದರೆ ತುಂಬುತ್ತಾ ತುಂಬುತ್ತಾ ತಳ ಕೆಳಗಿಳಿಯುತ್ತಲೇ ಇರುವ ತಗ್ಗು ಬೇಕು, ಅದೂ ಕೋಟಿಗಟ್ಟಲೆ ವರ್ಷ. ಅದನ್ನೇ ಸೆಡಿಮೆಂಟರಿ ಬೇಸಿನ್ ಅನ್ನುತ್ತಾರೆ. ನಾನು ಕೆಲಸ ಮಾಡಿದ ಕಾವೇರಿ ಬೇಸಿನ್ ಅಂಥದ್ದು. ನೀರಿನ ಜಗಳದಲ್ಲಿ ಕೇಳುವ ಕಾವೇರಿ ಕಣಿವೆ ಬೇರೆ, ಇದು ಬೇರೆ. ಇದು ಇರುವುದು ತಮಿಳುನಾಡಿನ ಕರಾವಳಿಯ ಅಡಿಯಲ್ಲಿ ಮತ್ತು ಅದರಾಚೆಯ ಸಮುದ್ರದಲ್ಲಿ. ಸುಮಾರು 13 ಕೋಟಿ ವರ್ಷಗಳ ಹಿಂದೆ, ಭಾರತ ಅಂಟಾರ್ಕ್ಟಿಕಾದಿಂದ ಬೇರೆಯಾಗುವ ಕಾಲದಲ್ಲಿ, ಅಲ್ಲಿನ ನೆಲ ಎಳೆದು ತೆಳ್ಳಗಾಗಿ ಬಿರಿಯಿತು. ಉದ್ದುದ್ದ ಪಟ್ಟಿಗಳು ಕೆಳಕ್ಕೆ ಜಾರಿದವು, ನಡುವೆ ದಿಣ್ಣೆಗಳು ಉಳಿದವು. ಆಮೇಲೆ ಅಡಿಯ ಬಿಸಿ ಆರಿದಂತೆ ಇನ್ನಷ್ಟು ಇಳಿಯಿತು. ಮೇಲೆ ಬಿದ್ದ ಮಣ್ಣಿನ ಭಾರಕ್ಕೂ ಇಳಿಯಿತು. ಸಮುದ್ರ ಒಳಗೆ ಬಂತು. ಎತ್ತರದ ನೆಲದಿಂದ ಹೊಳೆಗಳು ಮಣ್ಣು, ಮರಳು ತಂದು ಸುರಿದವು. ಕೆಲವು ಕಡೆ ಈ ಪದರಗಳ ದಪ್ಪ 5 ಕಿಲೋಮೀಟರಿಗೂ ಜಾಸ್ತಿ.

ಎಣ್ಣೆ ಡೈನೋಸಾರ್‌ಗಳಿಂದ ಬಂತು ಅನ್ನುವ ಮಾತು ತಪ್ಪು. ಮುಖ್ಯವಾಗಿ ಅದು ನೀರಿನಲ್ಲಿ ಬದುಕಿದ ಸಣ್ಣ ಸಣ್ಣ ಪಾಚಿ, ಜೀವಿಗಳದ್ದು. ಅವು ಸತ್ತು, ಗಾಳಿ ಇಲ್ಲದ ತಳದ ಕೆಸರಿನಲ್ಲಿ ಹೂತು, ಕೆರೋಜೆನ್ ಎಂಬ ಮೇಣದಂಥ ವಸ್ತುವಾಗುತ್ತವೆ. ಆಮೇಲೆ ಬೇಕಾದ್ದು ಹದವಾದ ಬಿಸಿ. ಕೆಳಗೆ ಹೋದಂತೆ ಪ್ರತಿ ಕಿಲೋಮೀಟರಿಗೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಏರುತ್ತದೆ. ಸುಮಾರು 60ರಿಂದ 120 ಡಿಗ್ರಿಯ ನಡುವೆ ಕೆರೋಜೆನ್ ಎಣ್ಣೆ ಬಿಡುತ್ತದೆ. ಮನೆಯಲ್ಲಿ ಕಾಫಿ ಬೀಜ ಹುರಿದಿದ್ದೀರಲ್ವಾ? ಬಿಸಿ ಸಾಲದಿದ್ದರೆ ಹಸಿ ಹಸಿ. ಹದ ಬಂದಾಗ ಬೀಜದ ಮೇಲೆ ಎಣ್ಣೆ ಜಿನುಗುತ್ತದೆ. ಬಿಟ್ಟರೆ ಹೊಗೆ, ಆಮೇಲೆ ಇದ್ದಿಲು. ಕಲ್ಲಿನೊಳಗೂ ಹಾಗೆಯೇ. ಬಿಸಿ 150 ಡಿಗ್ರಿ ದಾಟಿದರೆ ಉಳಿಯುವುದು ಬಹುಪಾಲು ಗ್ಯಾಸ್. ಇನ್ನೂ ತುಂಬಾ ಏರಿದರೆ ಕೊನೆಗೆ ಗ್ರಾಫೈಟ್, ಅಂದರೆ ಪೆನ್ಸಿಲ್ ಕಡ್ಡಿಯ ಕಪ್ಪು.

ನೆಲದೊಳಗೆ ಎಣ್ಣೆಯ ಕೆರೆ ಇರುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಇಲ್ಲ. ನೀರು ಕುಡಿದ ಇಟ್ಟಿಗೆ ನೆನೆಸಿಕೊಳ್ಳಿ, ಎಣ್ಣೆ ಇರುವುದು ಹಾಗೆ, ಮರಳುಗಲ್ಲಿನ ಅಥವಾ ಸುಣ್ಣಕಲ್ಲಿನ ಸಣ್ಣ ಸಂದುಗಳಲ್ಲಿ. ನೀರಿಗಿಂತ ಹಗುರವಾದ್ದರಿಂದ ಮೇಲೇರುತ್ತಾ ಹೋಗುತ್ತದೆ. ಮೇಲೆ ಜೇಡಿಕಲ್ಲಿನ ಬಿಗಿಯಾದ ಪದರ ಮುಚ್ಚಳದಂತೆ ಅಡ್ಡ ಇರಬೇಕು, ಪದರ ಕಮಾನಿನಂತೆ ಬಾಗಿರಬೇಕು ಅಥವಾ ಬಿರುಕಿನಲ್ಲಿ ಜಾರಿ ದಾರಿ ಕಟ್ಟಿರಬೇಕು. ಆಗ ಮೇಲೆ ಗ್ಯಾಸ್, ನಡುವೆ ಎಣ್ಣೆ, ಕೆಳಗೆ ಉಪ್ಪುನೀರು ನಿಲ್ಲುತ್ತವೆ. ಮುಚ್ಚಳ ಎಣ್ಣೆ ಹೊರಡುವ ಮೊದಲೇ ಸಿದ್ಧವಾಗಿರಬೇಕು. ಇಲ್ಲದಿದ್ದರೆ ಎಲ್ಲಾ ಸೋರಿಹೋಗುತ್ತದೆ.

ನನ್ನ ಕೆಲಸ, ಕೊರೆಯುವಾಗ ಬಾವಿಯೊಳಗೆ ಹರಿಸುವ ಕೆಸರಿನ ಜೊತೆ ಮೇಲೆ ಬರುವ ಕಲ್ಲಿನ ಚೂರುಗಳನ್ನು ಜರಡಿಯಿಂದ ತೆಗೆದು, ತೊಳೆದು, ಕಪ್ಪು ಪೆಟ್ಟಿಗೆಯಲ್ಲಿ ಅಲ್ಟ್ರಾವಯಲೆಟ್ ಬೆಳಕಿನ ಕೆಳಗೆ ನೋಡುವುದು. ಎಣ್ಣೆ ಇದ್ದರೆ ಚೂರು ಹಳದಿಯಾಗಿ ಮಿನುಗುತ್ತದೆ. ಎಷ್ಟೋ ರಾತ್ರಿ ಪಾಳಿ ಏನೂ ಮಿನುಗದೆ ಕಳೆದಿದೆ. ಇಷ್ಟೆಲ್ಲಾ ಕೂಡಿಬಂದ ಬೇಸಿನ್ನಿನಲ್ಲೇ ಹಾಗೆ.

ಈಗ ಕೊಡಗು ನೋಡಿ. ನಮ್ಮ ಕಾಲಡಿ ಇರುವುದು ನೈಸ್, ಚಾರ್ನೊಕೈಟ್‌ನಂಥ ಗಟ್ಟಿ ಕಲ್ಲು. ವಯಸ್ಸು 250 ಕೋಟಿ ವರ್ಷಕ್ಕೂ ಮೇಲೆ. ಚಾರ್ನೊಕೈಟ್ ಆಗುವುದು ನೆಲದ ಬಹಳ ಆಳದಲ್ಲಿ, 700 ಡಿಗ್ರಿಗೂ ಮೇಲಿನ ಬಿಸಿಯಲ್ಲಿ. ಹದ ಮೀರಿದ್ದು ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಮೇಲಿದ್ದ ಕಿಲೋಮೀಟರುಗಟ್ಟಲೆ ಕಲ್ಲು ಸವೆದು ಹೋದ ಮೇಲೆ ಅದು ಹೊರಗೆ ಕಾಣುತ್ತಿದೆ. ಸಂದುಗಳೂ ಇಲ್ಲ, ಬೋರ್‌ವೆಲ್‌ನಲ್ಲಿ ನೀರು ಸಿಗುವುದು ಬಿರುಕುಗಳಲ್ಲಿ ಮಾತ್ರ. ಎಲ್ಲಕ್ಕಿಂತ ಮುಖ್ಯವಾಗಿ, ಇದು ತುಂಬುವ ತಗ್ಗಲ್ಲ, ಮಣ್ಣು ಕೊಡುವ ಎತ್ತರ. ನಮ್ಮ ಮಳೆ ತೊಳೆದ ಮಣ್ಣು ಕಾವೇರಿಯಲ್ಲಿ ಪೂರ್ವಕ್ಕೆ, ಬರಪೊಳೆಯಲ್ಲಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ.

ಗಟ್ಟಿ ಕಲ್ಲಿನಲ್ಲಿ ಎಣ್ಣೆ ಸಿಕ್ಕೇ ಇಲ್ಲ ಅಂತಲ್ಲ. ವಿಯೆಟ್ನಾಂನ ಬಾಕ್ ಹೊ ಎಂಬಲ್ಲಿ ಗ್ರಾನೈಟ್ ಬಿರುಕುಗಳಿಂದ ತೆಗೆಯುತ್ತಾರೆ. ಆದರೆ ಅದು ಪಕ್ಕದ ಬೇಸಿನ್ನಿನಲ್ಲಿ ಹುಟ್ಟಿ ಬಂದು ಸೇರಿದ ಎಣ್ಣೆ. ನಮ್ಮ ಸುತ್ತ ಅಂಥ ಬೇಸಿನ್ ಇಲ್ಲ. ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಗಟ್ಟಿ ಕಲ್ಲು ಕೊರೆದು, 25 ಲಕ್ಷ ಟನ್ ಕಚ್ಚಾ ಎಣ್ಣೆ ಹಿಡಿಯುವ ಗುಹೆಗಳನ್ನು ಮಾಡಿದ್ದಾರೆ. ಸುತ್ತಲಿನ ಅಂತರ್ಜಲದ ಒತ್ತಡವೇ ಎಣ್ಣೆ ಸೋರದಂತೆ ತಡೆಯುತ್ತದೆ. ಅಲ್ಲಿಯೂ ಎಣ್ಣೆ ಹೊರಗಿನಿಂದ ತಂದು ತುಂಬಿದ್ದೇ.

ಆ ಸರ್ವೆಯವರಿಗೆ ಒಂದು ರೂಪಾಯಿಯೂ ಕೊಡಬೇಡಿ. ಖಾಸಗಿ ಜಮೀನಿನಲ್ಲೇ ಆದರೂ ಎಣ್ಣೆ ಹುಡುಕಲು ಸರ್ಕಾರದ ಲೈಸೆನ್ಸ್ ಬೇಕು. ಮಾಲೀಕರಿಂದ ದುಡ್ಡು ತೆಗೆದುಕೊಂಡು ಮಾಡುವ ಕೆಲಸ ಅದಲ್ಲ. ಆ ದುಡ್ಡಿನಲ್ಲಿ ಮಳೆಗಾಲಕ್ಕೆ ಮುಂಚೆ ತೋಡಿನ ಹೂಳು ತೆಗೆಸಿ. ನೀರು ಹರಿಯಲು ಶುರುವಾದರೆ ಆ ಪೊರೆಯೂ ಕಮ್ಮಿಯಾಗುತ್ತದೆ.